ಹಗೇವಿನಲ್ಲಿ ಉಳಿದ ಜೋಳ: ಪ್ರಬಲ–ದುರ್ಬಲ ಆಮ್ಲದ ಪಾಠ ಎಡವಿದ್ದೆಲ್ಲಿ

ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಕನ್ನಡ ಮಾಧ್ಯಮ, ಹತ್ತನೇ ತರಗತಿ. ಊರ ಸುತ್ತ ಎರಿ ಹೊಲ, ನಡುನಡುವೆ ಲಿಂಬಿ ತೋಟ. ಊರಿನ ಹೆಸರು, ಶಾಲೆಯ ಹೆಸರು, ಮಕ್ಕಳ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಮಕ್ಕಳ ಗುರುತು ಹತ್ತಬಾರದೆಂದು ಒಂದೆರಡು ಮನೆತನದ ವಿವರ ಬದಲಿಸಿದ್ದೇನೆ. ಪಾಠ ಮಾಡಿದವನು ನಾನೇ. ಇದರಲ್ಲಿ ನನ್ನ ತಪ್ಪುಗಳೂ ಇವೆ, ಅವನ್ನು ಮುಚ್ಚಿಟ್ಟರೆ ಈ ಬರಹದಿಂದ ಬೇರೆ ಶಿಕ್ಷಕರಿಗೆ ಉಪಯೋಗವಿಲ್ಲ.

ಎಲ್ಲ ಶುರುವಾದದ್ದು ಒಂದು ಬಾಟಲಿಯಿಂದ.

ನಮ್ಮಲ್ಲಿ ಪ್ರಯೋಗಾಲಯಕ್ಕೆ ಬೇರೆ ಕೋಣೆಯಿಲ್ಲ. ಒಂದು ಕಬ್ಬಿಣದ ಕಪಾಟು, ಅದರ ಮುಂದೆ ಎರಡು ಮೇಜು. ಆಮ್ಲ, ಪ್ರತ್ಯಾಮ್ಲದ ಪಾಠ ಅರ್ಧ ಮುಗಿದಿತ್ತು. ಹಿಂದಿನ ದಿನವಷ್ಟೇ ಬೋರ್ಡಿನ ಮೇಲೆ ಎರಡು ಸಾಲು ಪಟ್ಟಿ ಬರೆಸಿದ್ದೆ: ಪ್ರಬಲ ಆಮ್ಲದ ಕೆಳಗೆ ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್, ನೈಟ್ರಿಕ್, ದುರ್ಬಲ ಆಮ್ಲದ ಕೆಳಗೆ ಅಸಿಟಿಕ್, ಸಿಟ್ರಿಕ್, ಕಾರ್ಬೋನಿಕ್. ಮರುದಿನ ಕಪಾಟಿನಿಂದ ಸಾಮಾನು ಇಳಿಸುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸಹಾಯಕ್ಕೆ ಬಂದಳು. ನಾನು ಆಚೆ ತಿರುಗಿ ಪ್ರನಾಳ ಎಣಿಸುತ್ತಿದ್ದೆ. ಅವಳು ಗ್ಲೇಸಿಯಲ್ ಅಸಿಟಿಕ್ ಆಮ್ಲದ ಬಾಟಲಿಯನ್ನು ಬರಿಗೈಯಲ್ಲಿ ಹಿಡಿದು ಮುಚ್ಚಳ ತಿರುವಿದಳು. ಬಾಟಲಿಯ ಕುತ್ತಿಗೆಗೆ ಇಳಿದಿದ್ದ ಹನಿ ಎರಡು ಬೆರಳಿಗೆ ತಾಗಿತು.

ನಾನು ಚೀರಿದ್ದು ಇಡೀ ಶಾಲೆಗೆ ಕೇಳಿರಬೇಕು. ಕೈ ಹಿಡಿದು ನಲ್ಲಿಯ ಹತ್ತಿರ ಒಯ್ದು ಇಪ್ಪತ್ತು ನಿಮಿಷ ನೀರು ಬಿಡಿಸಿದೆ. ಸಂಜೆಗೆ ಬೆರಳ ತುದಿಯ ತೊಗಲು ಬೆಳ್ಳಗಾಗಿ ಸುಲಿಯಿತು, ದೇವರ ದಯೆ, ಅಷ್ಟಕ್ಕೇ ನಿಂತಿತು. ನೀರು ಬಿಡಿಸುತ್ತಿದ್ದಾಗ ಅವಳು ಅಳುತ್ತ ಅಂದ ಮಾತು ಈಗಲೂ ಕಿವಿಯಲ್ಲಿದೆ: "ಸರ, ಇದು ದುರ್ಬಲ ಆಮ್ಲ ಅಂತ ನೀವ ಬರಸೀರಲ್ರಿ."

ಅವಳು ಹೇಳಿದ್ದು ಖರೆ. ನಾನೇ ಬರೆಸಿದ್ದೆ. ಆ ಬಾಟಲಿಯಲ್ಲಿದ್ದದ್ದು ದುರ್ಬಲ ಆಮ್ಲವೇ ಹೌದು. ಆದರೆ ಅದರ ಸಾರತೆ, ಅಂದರೆ ಒಂದು ಲೀಟರಿನಲ್ಲಿ ಎಷ್ಟು ಆಮ್ಲ ಇದೆ ಎಂಬುದು, ಸುಮಾರು 17 ಮೋಲಾರ್ (ಲೀಟರಿಗೆ ಇಷ್ಟು ಮೋಲ್ ಎಂಬ ಅಳತೆ), ನೀರು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚರ್ಮ ಸುಡುವುದಕ್ಕೆ ಅದಕ್ಕೆ 'ಪ್ರಬಲ' ಎಂಬ ಪಟ್ಟ ಬೇಕಿಲ್ಲ.

ಉತ್ತರ ಪತ್ರಿಕೆಯಲ್ಲಿ ಕಂಡದ್ದು

ಆ ವಾರದ ಕಿರುಪರೀಕ್ಷೆಗೆ ಬೇಕೆಂದೇ ಒಂದು ಪ್ರಶ್ನೆ ಸೇರಿಸಿದೆ: ಒಂದು ಲೋಟ ನೀರಿಗೆ ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದೆ, ಈಗ ಲೋಟದಲ್ಲಿ ಇರುವುದು ಪ್ರಬಲ ಆಮ್ಲವೋ ದುರ್ಬಲ ಆಮ್ಲವೋ, ಏಕೆ?

ಹೆಚ್ಚುಕಡಿಮೆ ಇಡೀ ತರಗತಿ 'ದುರ್ಬಲ' ಎಂದಿತ್ತು. ಕಾರಣವೂ ಒಂದೇ, ನೀರು ಬಹಳ ಆಯಿತು. ಅದೇ ಹಾಳೆಯ ಮೇಲ್ಭಾಗದಲ್ಲಿ, 'ಪ್ರಬಲ ಆಮ್ಲ ಎಂದರೇನು' ಎಂಬ ಪ್ರಶ್ನೆಗೆ ಅದೇ ಮಕ್ಕಳು 'ನೀರಿನಲ್ಲಿ ಸಂಪೂರ್ಣವಾಗಿ ಅಯಾನೀಕರಣ ಹೊಂದುವ ಆಮ್ಲ' ಎಂದು ಅಕ್ಷರ ತಪ್ಪಿಲ್ಲದೆ ಬರೆದಿದ್ದರು. (ಅಯಾನೀಕರಣ ಎಂದರೆ ಆಮ್ಲದ ಅಣು ನೀರಿನಲ್ಲಿ ವಿದ್ಯುದಂಶವಿರುವ ತುಣುಕುಗಳಾಗಿ, ಅಂದರೆ ಅಯಾನುಗಳಾಗಿ, ಬಿಚ್ಚಿಕೊಳ್ಳುವುದು.) ಎರಡೂ ಉತ್ತರ ಒಂದೇ ಹಾಳೆಯಲ್ಲಿ, ಮೂರು ಇಂಚು ಅಂತರದಲ್ಲಿ ಇದ್ದವು. ಒಂದು ಇನ್ನೊಂದನ್ನು ಸುಳ್ಳು ಮಾಡುತ್ತಿದೆ ಎಂಬುದು ಅವರಿಗೆ ಕಂಡೇ ಇರಲಿಲ್ಲ. ವ್ಯಾಖ್ಯೆಗೆ ಪೂರ್ತಿ ಅಂಕ ಕೊಡುತ್ತ ಬಂದ ನನಗೂ ಇಷ್ಟು ವರ್ಷ ಕಂಡಿರಲಿಲ್ಲ.

ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಚಿಕ್ಕಪ್ಪನ ಜೊತೆ ಕೆಲಸ ಮಾಡುವ ಹುಡುಗನನ್ನು ಕೇಳಿದೆ, ಯಾಕ ಹಿಂಗ ಬರದಿ ತಮ್ಮಾ?

"ಸರ, ಚಾಕ್ಕ ನೀರು ಹಾಕಿದ್ರ ಕಡಕ್ ಉಳೀತದೇನ್ರಿ?"

ಇದನ್ನು ಕೇಳಿದ ಮೇಲೆ ನನಗೆ ದಾರಿ ಕಂಡಿತು. ನಮ್ಮ ಕಡೆ ಕಡಕ್ ಎಂಬ ಮಾತು ಚಹಾಕ್ಕೂ ಇದೆ, ರೊಟ್ಟಿಗೂ ಇದೆ, ಮಾಸ್ತರರಿಗೂ ಇದೆ. ಮಕ್ಕಳ ಕಿವಿಯಲ್ಲಿ ಪ್ರಬಲ ಎಂದರೆ ಕಡಕ್, ಕಡಕ್ ಎಂದರೆ ನೀರು ಕಡಿಮೆ. ಮನೆಯ ಭಾಷೆಯಲ್ಲಿ ಅದು ನೂರಕ್ಕೆ ನೂರು ಸರಿ. ಇನ್ನೊಂದು ಕಡೆ ನಾವು ವಿಜ್ಞಾನ ಶಿಕ್ಷಕರೇ ಈ ಗೊಂದಲಕ್ಕೆ ಗೊಬ್ಬರ ಹಾಕಿದ್ದೇವೆ. ಕಬ್ಬಿಣದ ಕಪಾಟಿನಲ್ಲಿದ್ದ ಸಲ್ಫ್ಯೂರಿಕ್ ಆಮ್ಲದ ಬಾಟಲಿಯ ಮೇಲೆ, ಹಿಂದೆ ಯಾರೋ ಅಂಟಿಸಿದ ಚೀಟಿಯಲ್ಲಿ, 'ಪ್ರಬಲ ಸಲ್ಫ್ಯೂರಿಕ್ ಆಮ್ಲ' ಎಂದಿತ್ತು. ಪಕ್ಕದ, ನೀರು ಬೆರೆಸಿ ತೆಳುಮಾಡಿದ ಆಮ್ಲದ ಬಾಟಲಿಯ ಮೇಲೆ 'ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ'. ಅಂದರೆ ಪ್ರಬಲದ ವಿರುದ್ಧ ಪದ ಸಾರರಿಕ್ತ ಎಂದು ಚೀಟಿಯೇ ಕಲಿಸುತ್ತಿತ್ತು. ನಾನೂ ಸಾರ ಆಮ್ಲ (ನೀರು ಕಡಿಮೆ ಇರುವ ಆಮ್ಲ) ಎನ್ನಬೇಕಾದಲ್ಲಿ ಪ್ರಬಲ ಆಮ್ಲ ಎನ್ನುತ್ತಲೇ ಬಂದಿದ್ದೆ. ಒಂದೇ ಪದಕ್ಕೆ ಎರಡು ಕೆಲಸ ಕೊಟ್ಟು, ಮಕ್ಕಳು ಬೇರೆ ಮಾಡಿ ತಿಳಿಯಲಿ ಅಂದರೆ ಹೇಗೆ ತಿಳಿಯುತ್ತಾರೆ?

ಪಠ್ಯಪುಸ್ತಕವನ್ನು ತೆರೆದು ಮತ್ತೆ ಓದಿದೆ. ಅಲ್ಲಿ ಮಾತು ಸರಿಯಾಗಿಯೇ ಇದೆ: ಒಂದೇ ಸಾರತೆಯ, ಉದಾಹರಣೆಗೆ ಒಂದು ಮೋಲಾರ್ ಇರುವ, ಹೈಡ್ರೋಕ್ಲೋರಿಕ್ ಮತ್ತು ಅಸಿಟಿಕ್ ಆಮ್ಲ ತೆಗೆದುಕೊಂಡರೆ ಅವು ಬೇರೆ ಬೇರೆ ಪ್ರಮಾಣದ ಹೈಡ್ರೋಜನ್ ಅಯಾನು ಕೊಡುತ್ತವೆ, ಹೆಚ್ಚು ಕೊಡುವುದು ಪ್ರಬಲ, ಕಡಿಮೆ ಕೊಡುವುದು ದುರ್ಬಲ. ಮಕ್ಕಳ ಪುಸ್ತಕ ತೆಗೆಸಿ ನೋಡಿದರೆ ಎಲ್ಲರೂ 'ಹೆಚ್ಚು ಕೊಡುವುದು ಪ್ರಬಲ' ಎಂಬುದರ ಕೆಳಗೆ ಗೆರೆ ಎಳೆದಿದ್ದರು. ಅದರ ಹಿಂದಿನ 'ಒಂದೇ ಸಾರತೆಯ' ಎಂಬ ಎರಡು ಪದದ ಕೆಳಗೆ ಒಬ್ಬರೂ ಎಳೆದಿರಲಿಲ್ಲ. ಗೆರೆ ಎಳೆಸಿದವನು ನಾನೇ.

ಮೊದಲ ಪ್ರಯತ್ನ, ಮತ್ತು ಕೊಳವೆಬಾವಿಯ ನೀರು

ಮೊದಲಿಗೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಮತ್ತೊಮ್ಮೆ ವಿವರಿಸಿದೆ, ಕೋಷ್ಟಕ ಬರೆಸಿದೆ, ಒಕ್ಕೊರಲಿನಿಂದ ಹೇಳಿಸಿದೆ. ಮರುದಿನ ಪ್ರಶ್ನೆಯ ಮಾತು ಸ್ವಲ್ಪ ಬದಲಿಸಿ ಕೇಳಿದರೆ ಮತ್ತೆ ಅದೇ ಉತ್ತರ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಎರಡನೆಯದಾಗಿ ಪಿಎಚ್ ಪಟ್ಟಿಯಿಂದ ತೋರಿಸೋಣ ಎಂದುಕೊಂಡೆ. ಪಿಎಚ್ ಎಂದರೆ ದ್ರಾವಣದ ಆಮ್ಲೀಯತೆಯ ಅಳತೆ: 7 ತಟಸ್ಥ, ಅದಕ್ಕಿಂತ ಕಡಿಮೆಯಾದಷ್ಟೂ ಹೈಡ್ರೋಜನ್ ಅಯಾನು ಹೆಚ್ಚು, ಪಟ್ಟಿ ಅದನ್ನು ಬಣ್ಣದಿಂದ ತೋರಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು 0.1 ಮೋಲಾರ್ ಮಾಡಿಕೊಳ್ಳುವುದು, ಅದನ್ನು ಹತ್ತು ಪಟ್ಟು ತೆಳುಮಾಡಿ 0.01, ಇನ್ನೂ ಹತ್ತು ಪಟ್ಟು ಮಾಡಿ 0.001. ಸಂಪೂರ್ಣ ಅಯಾನೀಕರಣ ಆಗುವುದರಿಂದ ಪಿಎಚ್ ಮೆಟ್ಟಿಲು ಏರಿದಂತೆ 1, 2, 3 ಎಂದು ಬರಬೇಕು. ಎಷ್ಟು ನೀರು ಹಾಕಿದರೂ ಲೆಕ್ಕ ತಪ್ಪುವುದಿಲ್ಲ, ಇದ್ದ ಅಣುಗಳೆಲ್ಲ ಬಿಚ್ಚಿಕೊಂಡೇ ಇವೆ ಎಂದು ಹೇಳುವುದು ನನ್ನ ಯೋಜನೆ. ಪ್ರಯೋಗಾಲಯದ ಸಾರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್ ಇರುತ್ತದೆ, ಅದರ 8.5 ಮಿಲಿಲೀಟರನ್ನು ನೀರಿಗೆ ಹಾಕಿ ಒಂದು ಲೀಟರ್ ಮಾಡಿದರೆ 0.1 ಸಿಗುತ್ತದೆ. (ಆಮ್ಲವನ್ನು ನೀರಿಗೆ, ಎಂದಿಗೂ ನೀರನ್ನು ಆಮ್ಲಕ್ಕಲ್ಲ.)

ಮೊದಲ ಲೋಟ ಕೆಂಪು. ಎರಡನೆಯದು ಕಿತ್ತಳೆಗೆ ತಿರುಗಿದ ಕೆಂಪು. ಮೂರನೆಯ ಲೋಟದಲ್ಲಿ ಪಟ್ಟಿ ಅದ್ದಿದೆ. ಹಸಿರು! ಪಿಎಚ್ 7ರ ಹತ್ತಿರ.

ತರಗತಿಯಲ್ಲಿ ಗದ್ದಲ. "ನೋಡ್ರಿ ಸರ, ನೀರು ಹಾಕಿದ್ರ ದುರ್ಬಲ ಆತಿಲ್ಲ?" ಎಂದು ಗ್ಯಾರೇಜಿನ ಹುಡುಗ ಎದ್ದು ನಿಂತ. ನಾನು ಯಾವ ತಪ್ಪು ಕಲ್ಪನೆಯನ್ನು ಕೀಳಲು ಹೋಗಿದ್ದೆನೋ ನನ್ನ ಪ್ರಯೋಗವೇ ಅದಕ್ಕೆ ನೀರೆರೆದಿತ್ತು. ಪಟ್ಟಿ ಹಳೆಯದು ಎಂದು ಹೇಳಿ ಮುಂದೆ ಹೋಗುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. "ಇದು ಯಾಕ ಹಿಂಗ ಆತು ನನಗೂ ಗೊತ್ತಾಗವಲ್ದು, ನಾಳೆ ಎಲ್ಲಾರೂ ಕೂಡಿ ಹುಡುಕೋಣು" ಎಂದೆ. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಸರಿಯಾದ ನಿರ್ಧಾರಗಳಲ್ಲಿ ಇದು ಮೊದಲನೆಯದು ಎಂದು ಈಗ ಅನ್ನಿಸುತ್ತದೆ.

ಹುಡುಕಿದಾಗ ಸಿಕ್ಕ ಕಳ್ಳ ನೀರು. ಶಾಲೆಯ ಕೊಳವೆಬಾವಿಯ ನೀರಿನಿಂದ ನಾನು ಆಮ್ಲ ತೆಳುಮಾಡಿದ್ದೆ. ಬರಿ ನೀರಿಗೆ ಪಟ್ಟಿ ಅದ್ದಿದರೆ ಅದು 8ರ ಕಡೆ ತೋರಿಸಿತು. "ನಮ್ಮ ಹಂಡೇದಾಗೂ ಬಿಳೀ ಪದರ ಕಟ್ತದ್ರಿ" ಎಂದು ಒಬ್ಬಳು ಹೇಳಿದಳು, ಮರುದಿನ ಚೂರು ಕೆತ್ತಿ ಕಾಗದದಲ್ಲಿ ಕಟ್ಟಿಕೊಂಡೂ ಬಂದಳು. ಆ ಚೂರಿನ ಮೇಲೆ ಒಂದು ಹನಿ ಆಮ್ಲ ಬಿಟ್ಟರೆ ಬುರುಬುರು ನೊರೆ. ನೀರಿನಲ್ಲಿ ಕರಗಿದ ಬೈಕಾರ್ಬೋನೇಟ್ ಕಾಯಿಸಿದಾಗ ಸುಣ್ಣವಾಗಿ ಹಂಡೆಗೆ ಕಟ್ಟುತ್ತದೆ, ಆಮ್ಲ ಬಂದಾಗ ಆಮ್ಲವನ್ನು ನುಂಗುತ್ತದೆ. ಕ್ಯಾಲ್ಸಿಯಂ ಕಾರ್ಬೋನೇಟಿನ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಕ್ಷಾರೀಯತೆ ಇರುವ ನೀರು ಲೀಟರಿಗೆ 6 ಮಿಲಿಮೋಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ತಟಸ್ಥ ಮಾಡಬಲ್ಲದು. ನನ್ನ ಮೂರನೆಯ ಲೋಟದಲ್ಲಿ ಇದ್ದದ್ದು ಲೀಟರಿಗೆ 1 ಮಿಲಿಮೋಲ್ ಮಾತ್ರ. ಮೊದಲೆರಡು ಲೋಟದಲ್ಲಿ ಆಮ್ಲ ಹೆಚ್ಚಿದ್ದುದರಿಂದ ಈ ಕಳವು ಕಣ್ಣಿಗೆ ಬೀಳಲಿಲ್ಲ, ಮೂರನೆಯದರಲ್ಲಿ ಪೂರ್ತಿ ಆಮ್ಲವೇ ಮಾಯವಾಗಿತ್ತು. ಅಲ್ಲಿ ಆಮ್ಲ ದುರ್ಬಲವಾಗಿರಲಿಲ್ಲ, ಆಮ್ಲವೇ ಉಳಿದಿರಲಿಲ್ಲ.

ಗ್ಯಾರೇಜಿನ ಹುಡುಗನೇ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಎರಡು ಕ್ಯಾನು ತಂದ. ನಾನು ಸ್ವಂತ ದುಡ್ಡಿನಲ್ಲಿ ಪೆನ್ನಿನಂಥ ಪಿಎಚ್ ಮೀಟರ್ ಒಂದನ್ನು ತರಿಸಿದೆ. ಈ ಸಲ ಮೆಟ್ಟಿಲು ಸರಿಯಾಗಿ ಬಂತು: 1, 2, 3ರ ಆಸುಪಾಸು. ಬಯಲುಸೀಮೆಯ ಯಾವ ಶಾಲೆಯಲ್ಲಾದರೂ ಈ ಪ್ರಯೋಗ ಮಾಡುವವರು ಮೊದಲು ನೀರನ್ನು ಪರೀಕ್ಷಿಸಿ ಎಂದು ಕೈಮುಗಿದು ಕೇಳುತ್ತೇನೆ.

ಹನಿ ಎಣಿಸಿದ ದಿನ

ಮೆಟ್ಟಿಲು ಕಂಡಿತು, ಆದರೆ ದುರ್ಬಲ ಎಂದರೇನು ಎಂಬುದು ಇನ್ನೂ ಬಾಯಿಪಾಠವಾಗಿಯೇ ಇತ್ತು. 'ಸ್ವಲ್ಪ ಮಾತ್ರ ಅಯಾನೀಕರಣ ಹೊಂದುತ್ತದೆ' ಎಂಬ ಮಾತನ್ನು ಮಕ್ಕಳು 'ಅದರಲ್ಲಿ ಆಮ್ಲ ಸ್ವಲ್ಪವೇ ಇದೆ' ಎಂದು ಕೇಳಿಸಿಕೊಳ್ಳುತ್ತಿದ್ದರು. ಇದನ್ನು ಒಡೆಯಲು ಹನಿ ಎಣಿಸುವ ಪ್ರಯೋಗ ಇಟ್ಟೆ.

ಎರಡು ಪ್ರನಾಳ. ಒಂದರಲ್ಲಿ 2 ಮಿಲಿಲೀಟರ್ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದರಲ್ಲಿ ಅಷ್ಟೇ ಅಳತೆಯ 0.1 ಮೋಲಾರ್ ಅಸಿಟಿಕ್ ಆಮ್ಲ. ಎರಡಕ್ಕೂ ಫಿನಾಫ್ತಲೀನ್, ಆಮ್ಲ ತೀರಿದೊಡನೆ ಗುಲಾಬಿಯಾಗುವ ಸೂಚಕ. ಒಂದೇ ಡ್ರಾಪರಿನಿಂದ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಲೀಟರಿಗೆ 4 ಗ್ರಾಂ ಕರಗಿಸಿದ್ದು, ಹನಿಹನಿಯಾಗಿ. ಗುಲಾಬಿ ಬಣ್ಣ ನಿಲ್ಲುವ ತನಕ ಎಣಿಸಬೇಕು. ಆದರೆ ಎಣಿಸುವ ಮೊದಲು ಯಾವುದಕ್ಕೆ ಹೆಚ್ಚು ಹನಿ ಬೇಕು, ಯಾಕೆ ಎಂದು ಪ್ರತಿಯೊಬ್ಬರೂ ಪೆನ್ನಿನಲ್ಲಿ ಬರೆಯಬೇಕು, ಅಳಿಸುವಂತಿಲ್ಲ. ಮೀಟರನ್ನೂ ಅದ್ದಿ ತೋರಿಸಿದೆ: ಹೈಡ್ರೋಕ್ಲೋರಿಕ್ 1, ಅಸಿಟಿಕ್ 2.9. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಹೈಡ್ರೋಜನ್ ಅಯಾನು ಸುಮಾರು ಎಪ್ಪತ್ತೈದು ಪಟ್ಟು ಹೆಚ್ಚು. ಹಾಗಾಗಿ ಎಲ್ಲರೂ ಬರೆದದ್ದು ಒಂದೇ: ಹೈಡ್ರೋಕ್ಲೋರಿಕ್‌ಗೆ ಬಹಳ ಹನಿ, ಅಸಿಟಿಕ್‌ಗೆ ಒಂದೆರಡು ಹನಿ ಸಾಕು.

ಎಣಿಸಿದರು. ಎರಡಕ್ಕೂ 40ರ ಆಸುಪಾಸು. ಗುಂಪಿನಿಂದ ಗುಂಪಿಗೆ ಒಂದೆರಡು ಹನಿ ಅತ್ತಿತ್ತ, ಅಷ್ಟೇ.

ಮೊದಲು ನಂಬಲಿಲ್ಲ. ಪ್ರನಾಳ ಅದಲುಬದಲಾಗಿರಬೇಕು ಎಂದು ಜಗಳ. ಮತ್ತೆ ಎಣಿಸಿದರು. ಮತ್ತೆ ಅಷ್ಟೇ. ಆಮೇಲೆ ತರಗತಿಯಲ್ಲಿ ಬಿದ್ದ ಆ ನಿಶ್ಶಬ್ದಕ್ಕಾಗಿ ಒಬ್ಬ ಶಿಕ್ಷಕ ಎಷ್ಟು ವರ್ಷ ಬೇಕಾದರೂ ಕಾಯಬಹುದು. ಬೆರಳು ಸುಟ್ಟುಕೊಂಡ ಹುಡುಗಿಯೇ ಕೊನೆಗೆ ಕೇಳಿದಳು: "ಸರ, ಮೀಟರ್ ನೋಡಿದ್ರ ಅಯಾನು ಕಡಿಮಿ ಅದಾವ. ಹನಿ ನೋಡಿದ್ರ ಅಷ್ಟ ಅದಾವ. ಯಾವುದು ಸುಳ್ಳ್ರಿ?"

ಉತ್ತರ ನನ್ನ ಬಾಯಲ್ಲಿತ್ತು. ಸಮತೋಲನ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು ಎರಡು ಬಾಣದ ಗುರುತು ಹಾಕಿದ್ದರೆ ಐದು ನಿಮಿಷದ ಕೆಲಸ. ಹಾಕಲಿಲ್ಲ. "ಎರಡೂ ಸುಳ್ಳಲ್ಲ. ಎರಡೂ ಖರೆ ಆಗಬೇಕಂದ್ರ ಒಳಗ ಏನ್ ನಡದಿರಬೇಕು, ಮನ್ಯಾಗ ವಿಚಾರ ಮಾಡ್ಕೊಂಡ ಬರ್ರಿ" ಎಂದು ಗಂಟೆ ಬಾರಿಸುವ ಹೊತ್ತಿಗೆ ಹೊರಗೆ ಬಂದೆ. ಉತ್ತರ ಗೊತ್ತಿದ್ದೂ ಹೇಳದೆ ಬರುವುದು ಕಷ್ಟ. ಆ ರಾತ್ರಿ ನನಗೇ ಸಮಾಧಾನವಿರಲಿಲ್ಲ.

ಮರುದಿನ ಉತ್ತರ ತಂದವನು ಅಲ್ಲಿಯ ತನಕ ತರಗತಿಯಲ್ಲಿ ಹೆಚ್ಚು ಮಾತಾಡದಿದ್ದ, ಜೋಳದ ಹೊಲದ ಮನೆಯ ಹುಡುಗ. ಅವನು ಮುತ್ಯಾನ ಹತ್ತಿರ ಹಗೇವಿನ ಮಾತು ಕೇಳಿಕೊಂಡು ಬಂದಿದ್ದ. ಈಗ ನಮ್ಮ ಊರುಗಳಲ್ಲಿ ಹಗೇವು ಅಪರೂಪ, ಹೆಚ್ಚಿನವು ಮುಚ್ಚಿ ಹೋಗಿವೆ. ಹಿಂದೆ ನೆಲದಲ್ಲಿ ಆಳವಾಗಿ ತೋಡಿ, ಬಾಯಿ ಸಣ್ಣದಾಗಿಟ್ಟು, ಸುಗ್ಗಿಯ ಜೋಳವನ್ನು ಅದರಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬೇಕಾದಾಗ ತೆರೆದು ಬೇಕಾದಷ್ಟು ತೆಗೆಯುವುದು.

"ಸರ, ಇಬ್ಬರು ಒಕ್ಕಲಿಗರು ಅದಾರ ಅಂತ ತಿಳೀರಿ. ಇಬ್ಬರಿಗೂ ನೂರು ಚೀಲ ಜೋಳ ಬೆಳದಾವ. ಒಬ್ಬಾಂವ ಎಲ್ಲಾ ಕಣದಾಗ ಹರಡ್ಯಾನ. ಇನ್ನೊಬ್ಬಾಂವ ಒಂದು ಚೀಲ ಹೊರಗಿಟ್ಟು ಉಳಿದದ್ದು ಹಗೇವಿನ್ಯಾಗ ಹಾಕ್ಯಾನ. ದಾರಿ ಮ್ಯಾಗ ಹೋಗಾಂವ ನೋಡಿದ್ರ ಇವಗ ಒಂದ ಚೀಲ ಬೆಳದದ ಅಂತಾನ. ಆದ್ರ ವ್ಯಾಪಾರಿ ಬಂದು ಖರೀದಿ ಮಾಡ್ಕೋತ ಹೋದ್ರ, ಹೊರಗಿಂದು ತೀರಿದಂಗ ಹಗೇವಿಂದ ತಗದು ಕೊಡ್ತಾನ. ನೂರೂ ಚೀಲ ಹೋಗ್ತಾವ."

ನಾನು ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಮೀಟರ್ ಎಂದರೆ ದಾರಿಯಲ್ಲಿ ಹೋಗುವವನು, ಅವನಿಗೆ ಕಣ ಮಾತ್ರ ಕಾಣುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಎಂದರೆ ವ್ಯಾಪಾರಿ, ಅವನು ಕೊನೆಯ ಚೀಲದ ತನಕ ಬಿಡುವವನಲ್ಲ. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ನೂರಕ್ಕೆ ಸುಮಾರು 1.3 ಅಣು ಮಾತ್ರ ಬಿಚ್ಚಿಕೊಂಡಿರುತ್ತದೆ. ಹುಡುಗ ಅಂದಾಜಿನಲ್ಲಿ ಹೇಳಿದ 'ಒಂದು ಚೀಲ' ಲೆಕ್ಕಕ್ಕೆ ಅಷ್ಟು ಹತ್ತಿರ ಬಂದದ್ದು ಅವನಿಗೂ ಗೊತ್ತಿರಲಿಲ್ಲ.

ಅಂದಿನಿಂದ ತರಗತಿಯಲ್ಲಿ ಎರಡು ಪ್ರಶ್ನೆ ಬೇರೆ ಬೇರೆಯಾದವು. ಎಷ್ಟು ಚೀಲ ಬೆಳೆದಿದೆ? ಅದು ಸಾರತೆ. ಅದರಲ್ಲಿ ಎಷ್ಟು ಪಾಲು ಕಣದಲ್ಲಿದೆ? ಅದು ಪ್ರಬಲವೋ ದುರ್ಬಲವೋ ಎಂಬುದು. ನೀರು ಹಾಕಿದರೆ ಮೊದಲನೆಯದು ಕಡಿಮೆಯಾಗುತ್ತದೆ, ಆದರೆ ಎಲ್ಲ ಜೋಳ ಕಣದಲ್ಲಿಡುವವನು ಹತ್ತೇ ಚೀಲ ಬೆಳೆದರೂ ಹತ್ತನ್ನೂ ಕಣದಲ್ಲೇ ಇಡುತ್ತಾನೆ.

ಹೋಲಿಕೆ ಎಲ್ಲಿ ಕುಂಟುತ್ತದೆ ಎಂಬುದನ್ನೂ ಅದೇ ದಿನ ಹೇಳಬೇಕಾಯಿತು. ಹಗೇವಿನ ಜೋಳ ಹೊರಗೆ ಬಂದರೆ ಮರಳಿ ಹೋಗುವುದಿಲ್ಲ. ಆಮ್ಲದಲ್ಲಿ ಅಣುಗಳು ಬಿಚ್ಚಿಕೊಳ್ಳುತ್ತವೆ, ಕೂಡಿಕೊಳ್ಳುತ್ತವೆ, ಇದು ಎಡೆಬಿಡದೆ ನಡೆದೇ ಇರುತ್ತದೆ. ಇದೇ ಅಣು ಹೊರಗೆ, ಅದೇ ಅಣು ಒಳಗೆ ಎಂದು ಬೆರಳು ಮಾಡಿ ತೋರಿಸಲಾಗದು.

ಮೊಟ್ಟೆಯ ಸಿಪ್ಪೆ, ಬಲ್ಬು, ಲಿಂಬಿ

ಇದರ ಬೆನ್ನಿಗೇ ಇನ್ನೊಂದು ಪ್ರಯೋಗ. ಎರಡು ಬಾಟಲಿಯಲ್ಲಿ ಒಂದೇ ಅಳತೆಯ, ಒಂದೇ ಸಾರತೆಯ ಎರಡು ಆಮ್ಲ, ಬಾಯಿಗೆ ಬಲೂನು, ಒಳಗೆ ಸೀಮೆಸುಣ್ಣದ ಪುಡಿ. ಏನೂ ಆಗಲಿಲ್ಲ. ನಮ್ಮ ಸೀಮೆಸುಣ್ಣ ಕ್ಯಾಲ್ಸಿಯಂ ಕಾರ್ಬೋನೇಟ್ ಅಲ್ಲ, ಜಿಪ್ಸಂ. ಬಿಸಿಯೂಟದ ಅಡುಗೆಯ ಅಕ್ಕನಿಗೆ ಹೇಳಿ ಮೊಟ್ಟೆ ಕೊಡುವ ದಿನದ ಸಿಪ್ಪೆ ಎತ್ತಿಡಿಸಿ, ತೊಳೆದು ಒಣಗಿಸಿ ಕುಟ್ಟಿ ಹಾಕಿದೆವು. ಹೈಡ್ರೋಕ್ಲೋರಿಕ್‌ನ ಬಲೂನು ನೋಡುನೋಡುತ್ತ ಉಬ್ಬಿತು. ಅಸಿಟಿಕ್‌ನದು ಮುಂದಿನ ಪಿರಿಯಡ್ ಮುಗಿದರೂ ನಿಧಾನಕ್ಕೆ ಉಬ್ಬುತ್ತಲೇ ಇತ್ತು. ಕೊನೆಗೆ ದಾರ ಸುತ್ತಿ ಅಳೆದಾಗ ಎರಡೂ ಹತ್ತಿರ ಹತ್ತಿರ. ಹೊತ್ತು ಬೇರೆ, ಮೊತ್ತ ಒಂದೇ. ಮರುದಿನದ ತನಕ ಬಿಡಬಾರದು, ಇಂಗಾಲದ ಡೈಆಕ್ಸೈಡ್ ಬಲೂನಿನ ರಬ್ಬರಿನಿಂದ ಸೋರಿಹೋಗುತ್ತದೆ.

ಬ್ಯಾಟರಿ ಮತ್ತು ಟಾರ್ಚಿನ ಬಲ್ಬಿನ ಪ್ರಯೋಗವೂ ಆಯಿತು: ಹೈಡ್ರೋಕ್ಲೋರಿಕ್‌ನಲ್ಲಿ ಬಲ್ಬು ಉರಿಯಿತು, ಅಸಿಟಿಕ್‌ನಲ್ಲಿ ಉರಿಯಲೇ ಇಲ್ಲ. ದ್ರಾವಣದಲ್ಲಿ ವಿದ್ಯುತ್ತನ್ನು ಒಯ್ಯುವುದು ಅಯಾನುಗಳೇ. ಎಲ್‌ಇಡಿ ಹಾಕಬೇಡಿ, ಅದು ತೀರ ಕಡಿಮೆ ವಿದ್ಯುತ್ತಿಗೂ ಬೆಳಗಿ ವ್ಯತ್ಯಾಸವನ್ನು ಮಸುಕು ಮಾಡುತ್ತದೆ. ಸ್ವಾಂಟೆ ಅರೇನಿಯಸ್ ಇದೇ ಹಾದಿಯಲ್ಲಿ, ದ್ರಾವಣದಲ್ಲಿ ವಿದ್ಯುತ್ ಹರಿಯುವುದನ್ನು ಅಳೆಯುತ್ತ, 1884ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದ. ಅಲ್ಲಿಯ ಪ್ರಾಧ್ಯಾಪಕರು ಕೆಳದರ್ಜೆಯ ಅಂಕ ಕೊಟ್ಟರು. ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅದರ ಬೆಲೆ ಅರಿತು ಅವನನ್ನು ನೋಡಲು ಉಪ್ಸಲಾಕ್ಕೇ ಹೋದ. 1903ರಲ್ಲಿ ಅರೇನಿಯಸ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು ಮುಖ ಸಣ್ಣ ಮಾಡಿಕೊಂಡಿದ್ದ ಮಕ್ಕಳಿಗೆ ಈ ಕಥೆ ಬೇಕಿತ್ತು, ಹೇಳಿದೆ.

ಲಿಂಬಿ ತೋಟದ ಹುಡುಗನಿಗೆ ಮಾತ್ರ ಒಪ್ಪಿಗೆಯಾಗಿರಲಿಲ್ಲ. ಹಣ್ಣು ತಂದು ಅಲ್ಲೇ ಹಿಂಡಿ ಮೀಟರ್ ಅದ್ದಿದ. 2.3. ಪಕ್ಕದಲ್ಲಿ 0.001 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಪಿಎಚ್ 3. "ನಮ್ಮ ಲಿಂಬಿನ ಗೆದ್ದಿತಲ್ರಿ ಸರ. ಮತ್ತ ಇದು ದುರ್ಬಲ ಹೆಂಗ?" ಉತ್ತರ ಕೊಟ್ಟವನು ಜೋಳದ ಹುಡುಗ: "ನಿಮ್ಮ ಲಿಂಬ್ಯಾಗ ಚೀಲ ಬಹಳ ಅದಾವಪಾ. ಹಗೇವಿನ್ಯಾಗ ಇಟ್ಟೂ ಕಣದಾಗ ಇಷ್ಟು ಉಳದಾವ." ದುರ್ಬಲ ಆಮ್ಲದ ದ್ರಾವಣ ಪ್ರಬಲ ಆಮ್ಲದ ದ್ರಾವಣಕ್ಕಿಂತ ಹೆಚ್ಚು ಆಮ್ಲೀಯವಾಗಿರಬಹುದು ಎಂಬುದನ್ನು ನಾನು ಹೇಳುವ ಅಗತ್ಯವೇ ಬೀಳಲಿಲ್ಲ.

ಅಪಾಯದ ಪ್ರಶ್ನೆಯನ್ನು ಇನ್ನೊಂದು ದಿನಕ್ಕೆ ಪ್ರತ್ಯೇಕವಾಗಿಯೇ ಇಟ್ಟೆ, ಯಾಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದಲೇ. ಕಡಲಿ ಹೊಲದಲ್ಲಿ ಬೆಳಗಿನ ಮಂಜಿನಲ್ಲಿ ನಡೆದರೆ ಕಾಲು ಯಾಕೆ ಉರಿಯುತ್ತದೆ ಎಂದು ಕೇಳಿದೆ. ಎಲ್ಲರಿಗೂ ಅನುಭವವಿತ್ತು. ಕೆಲವರ ಮನೆಯಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ, ನೆನೆದ ಬಟ್ಟೆ ಹಿಂಡಿ, ಹುಳಿ ತೆಗೆದಿಡುತ್ತಿದ್ದರು. ಆ ಹುಳಿಯಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಒಂದೂ ನಮ್ಮ ಪ್ರಬಲದ ಪಟ್ಟಿಯಲ್ಲಿಲ್ಲ. ಇನ್ನು ಹೈಡ್ರೋಫ್ಲೋರಿಕ್ ಆಮ್ಲ, ಲೆಕ್ಕದಲ್ಲಿ ಅದೂ ದುರ್ಬಲ, ಆದರೆ ಗಾಜನ್ನೇ ತಿನ್ನುತ್ತದೆ, ಮೈಗೆ ತಾಗಿದರೆ ಜೀವಕ್ಕೇ ಅಪಾಯ. ದುರ್ಬಲ ಎಂಬ ಪದ ಅಯಾನಿನ ಲೆಕ್ಕ ಹೇಳುತ್ತದೆ, ಮುಟ್ಟಬಹುದೋ ಬಾರದೋ ಎಂಬುದನ್ನು ಹೇಳುವುದಿಲ್ಲ. ಇದನ್ನು ಮೂರು ಸಲ ಹೇಳಿದೆ, ಮೂರನೆಯ ಸಲ ಆ ಹುಡುಗಿಯ ಬೆರಳು ನೋಡುತ್ತ.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಕಪಾಟಿನ ಹಳೆಯ ಚೀಟಿಗಳನ್ನೆಲ್ಲ ಕಿತ್ತೆವು. 'ಪ್ರಬಲ' ಇದ್ದಲ್ಲಿ 'ಸಾರ' ಬಂತು. ನಾನೂ ಬೋರ್ಡಿನ ಮುಂದೆ ಸಾರ, ಸಾರರಿಕ್ತ ಎಂಬ ಜೋಡಿಯನ್ನು ಒಂದು ಕಡೆ, ಪ್ರಬಲ, ದುರ್ಬಲ ಎಂಬ ಜೋಡಿಯನ್ನು ಇನ್ನೊಂದು ಕಡೆ ಇಟ್ಟು ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಹಳೆಯ ನಾಲಿಗೆ, ಆಗಾಗ ತಪ್ಪುತ್ತಿತ್ತು, ಮಕ್ಕಳು ತಿದ್ದುತ್ತಿದ್ದರು. ಗ್ಲೇಸಿಯಲ್ ಅಸಿಟಿಕ್ ಬಾಟಲಿಯ ಚೀಟಿಯನ್ನು ಬೆರಳು ಸುಟ್ಟುಕೊಂಡವಳೇ ಬರೆದಳು: 'ದುರ್ಬಲ ಆಮ್ಲ. ಸಾರ ಬಹಳ. ಬರಿಗೈಲೆ ಮುಟ್ಟಬ್ಯಾಡ್ರಿ.'

ಎರಡು ತಿಂಗಳು ಬಿಟ್ಟು, ಮುನ್ಸೂಚನೆ ಕೊಡದೆ, ಅದೇ ಎರಡು ಹನಿಯ ಪ್ರಶ್ನೆ ಕೇಳಿದೆ. ಹೆಚ್ಚಿನವರು ಪ್ರಬಲ ಆಮ್ಲ, ಸಾರರಿಕ್ತ ದ್ರಾವಣ ಎಂದು ಎರಡನ್ನೂ ಬೇರೆ ಮಾಡಿ ಬರೆದರು. ಕೆಲವರು ಹಳೆಯ ಉತ್ತರಕ್ಕೇ ಮರಳಿದ್ದರು. ಅವರಲ್ಲಿ ಹೆಚ್ಚಿನವರು ಹನಿ ಎಣಿಸಿದ ದಿನ ಶಾಲೆಗೆ ಬಾರದವರು. ಕೂಲಿಯ ದಿನಗಳಲ್ಲಿ ಹೊಲಕ್ಕೆ ಹೋಗುವ ಮಕ್ಕಳು. ಅವರಿಗಾಗಿ ಆ ಪ್ರಯೋಗವನ್ನು ಮತ್ತೆ ಇಡದೇ ಹೋದದ್ದು ನನ್ನ ಲೋಪ.

ಹೊಸ ತಪ್ಪೂ ಹುಟ್ಟಿತ್ತು. ಹನಿ ಒಂದೇ ಬಂತು, ಆದ್ದರಿಂದ ಎರಡರ ಪಿಎಚ್ ಕೂಡ ಒಂದೇ ಎಂದು ನಾಲ್ಕಾರು ಮಕ್ಕಳು ಬರೆದಿದ್ದರು. ಹಗೇವಿನ ಚಿತ್ರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ನಿಂತಿತ್ತೆಂದರೆ ಕಣವೇ ಮರೆತಿತ್ತು. "ಮೀಟರ್ ನೋಡೂದು ಕಣಾನೋ ಹಗೇವೋ?" ಎಂದು ಕೇಳಿದರೆ ಅರ್ಧದಷ್ಟು ಜನ ತಾವೇ ತಿದ್ದಿಕೊಂಡರು. ಉಳಿದವರಿಗೆ ಎರಡೂ ಪ್ರಯೋಗವನ್ನು ಒಟ್ಟಿಗೆ, ಒಂದೇ ಪ್ರನಾಳದಲ್ಲಿ ಮೀಟರ್ ಅದ್ದಿಟ್ಟುಕೊಂಡೇ ಹನಿ ಹಾಕುತ್ತ, ತೋರಿಸಬೇಕಾಯಿತು. ಮೊದಲೇ ಹಾಗೆ ಮಾಡಿದ್ದರೆ ಈ ತಪ್ಪು ಹುಟ್ಟುತ್ತಿರಲಿಲ್ಲ.

ಬೆಲೆಯನ್ನೂ ಹೇಳಬೇಕು. ಎರಡು ಪಿರಿಯಡ್ಡಿನ ವಿಷಯಕ್ಕೆ ಏಳು ಪಿರಿಯಡ್ ಹೋದವು. ಪೋರ್ಷನ್ ಹಿಂದೆ ಬಿತ್ತು, ಮುಂದಿನ ಪಾಠವನ್ನು ಅವಸರದಲ್ಲಿ ಮುಗಿಸಿದೆ. ಹಿರಿಯ ಸಹೋದ್ಯೋಗಿಯೊಬ್ಬರು, ನನ್ನ ಮೇಲೆ ಪ್ರೀತಿ ಇಟ್ಟವರೇ, "ಪರೀಕ್ಷಾದಾಗ ಒಂದು ಅಂಕದ ಮಾತಿಗೆ ಇಷ್ಟು ದಿನ ಯಾಕ್ರಿ?" ಎಂದರು. ಅವರ ಪ್ರಶ್ನೆ ಸರಿಯಾದದ್ದೇ. ಪ್ರತಿ ಪಾಠಕ್ಕೂ ಹೀಗೆ ಮಾಡಲಾಗದು. ಆದರೆ ಬೆರಳು ಸುಟ್ಟ ಪಾಠಕ್ಕೆ ಮಾಡಲೇಬೇಕಿತ್ತು ಎಂಬುದು ನನ್ನ ಲೆಕ್ಕ.

ಡಿಸೆಂಬರಿನಲ್ಲಿ, ಬೇರೆ ಪಾಠ ನಡೆದಿದ್ದಾಗ, ಗ್ಯಾರೇಜಿನ ಹುಡುಗ ಸ್ಟಾಫ್ ರೂಮಿಗೆ ನೋಟ್‌ಬುಕ್ ಹಿಡಿದುಕೊಂಡು ಬಂದ. ಉಳಿದ ಬ್ಯಾಟರಿ ನೀರಿನಿಂದ ಅಸಿಟಿಕ್ ಆಮ್ಲವನ್ನೂ ಹತ್ತತ್ತು ಪಟ್ಟು ತೆಳುಮಾಡಿ ಮೀಟರ್ ಅದ್ದಿದ್ದ. 2.9, 3.4, 3.9. "ಸರ, ಹೈಡ್ರೋಕ್ಲೋರಿಕ್ ಪ್ರತಿ ಸಲ ಒಂದು ಮೆಟ್ಟಲಾ ಏರ್ತು. ಇದು ಅರ್ಧ ಮೆಟ್ಟಲಾ ಅಷ್ಟ ಏರ್ತದಲ್ರಿ?" ಲೆಕ್ಕ ಇಬ್ಬರೂ ಕೂತು ಮಾಡಿದೆವು. 0.1 ಮೋಲಾರ್‌ನಲ್ಲಿ ನೂರಕ್ಕೆ 1.3, 0.01ರಲ್ಲಿ ನಾಲ್ಕರ ಮೇಲೆ, 0.001ರಲ್ಲಿ ಹನ್ನೆರಡರ ಮೇಲೆ ಅಣುಗಳು ಬಿಚ್ಚಿಕೊಂಡಿವೆ. ಅವನು ಬಹಳ ಹೊತ್ತು ಆ ಮೂರು ಅಂಕಿ ನೋಡಿದ.

"ಅಂದ್ರ ನೀರು ಹಾಕಿದಷ್ಟೂ ಹಗೇವು ಹೆಚ್ಚು ತೆರೀತದೇನ್ರಿ?"